ಆರಿಸಿ ತೆಗೆದ ಶೇಂಗಾ ಎಲ್ಲಿಗೆ ಹೋಗುತ್ತದೆ?

ಚಳ್ಳಕೆರೆ ಕಡೆ ಶೇಂಗಾ ಬೆಳೆಯುವ ನಮಗೆ ಬೂಷ್ಟು ಹೊಸದಲ್ಲ. ಕಾಯಿ ಬಲಿಯುವ ಹೊತ್ತಿಗೆ ಮಳೆ ಕೈಕೊಟ್ಟು ನೆಲ ಕಾದರೆ, ಮಣ್ಣಲ್ಲಿರುವಾಗಲೇ ಕಾಯಿಗೆ ಆಸ್ಪರ್ಜಿಲಸ್ ಎಂಬ ಬೂಷ್ಟು ಹತ್ತುತ್ತದೆ. ಅದು ಬಿಡುವ ವಿಷವೇ ಅಫ್ಲಾಟಾಕ್ಸಿನ್. ಹುರಿದರೂ ಪೂರ್ತಿ ಹೋಗುವುದಿಲ್ಲ. ಮಳೆ ನಮ್ಮ ಕೈಲಿಲ್ಲ, ಒಣಗಿಸುವುದು ಇದೆ.

ಗಿಡ ಕಿತ್ತ ಮೇಲೆ ಹಸಿಯಾಗಿ ಗುಪ್ಪೆ ಹಾಕಿಸುವುದಿಲ್ಲ. ಗುಪ್ಪೆಯೊಳಗೆ ಕೈ ಹಾಕಿದರೆ ಬಿಸಿ ಬಡಿಯುತ್ತದಲ್ವಾ, ಬೂಷ್ಟಿಗೆ ಬೇಕಾದದ್ದೇ ಅದು. ಕಾಯಿ ಮೇಲೆ, ಸೊಪ್ಪು ಕೆಳಗೆ ಬರುವಂತೆ ಸಾಲಾಗಿ ಮಗುಚಿ ಇಡಿಸುತ್ತೇನೆ. ಕೆಲಸ ಜಾಸ್ತಿ ಅಂತ ಕೂಲಿಯವರು ಗೊಣಗುತ್ತಾರೆ, ಗೊಣಗಲಿ. ಬಿಡಿಸಿದ ಕಾಯಿಯನ್ನು ತಾಡಪಾಲಿನ ಮೇಲೆ ತೆಳ್ಳಗೆ ಹರಡುತ್ತೇನೆ. ಬೀಜದ ತೇವ ಶೇ. 8ಕ್ಕೆ ಇಳಿಯಬೇಕು. ಮೀಟರ್ ಇಲ್ಲದಿದ್ದರೂ ಅಂದಾಜು ಸಿಗುತ್ತದೆ: ಕಿವಿ ಹತ್ತಿರ ಅಲ್ಲಾಡಿಸಿದರೆ ಕಾಯಿ ಗಲಗಲ ಅನ್ನಬೇಕು, ಬೀಜ ತಿಕ್ಕಿದರೆ ಸಿಪ್ಪೆ ಉದುರಬೇಕು.

ಸಿಪ್ಪೆ ಸುಲಿಯುವ ಮಿಷಿನ್‌ಗೆ ಹಾಕುವ ಮುಂಚೆ ಬೀಜ ಒಡೆಯದಿರಲಿ ಅಂತ ಕಾಯಿಗೆ ನೀರು ಚಿಮುಕಿಸುವ ರೂಢಿ ಉಂಟು. ಒಣಗಿಸಿದ್ದೆಲ್ಲ ಅಲ್ಲಿಗೆ ನೀರುಪಾಲು! ನಾನು ಸಿಪ್ಪೆ ಸಮೇತವೇ ಹಲಗೆ ಮೇಲೆ, ಗೋಡೆಗೆ ತಾಗದಂತೆ ಚೀಲ ಇಡುತ್ತೇನೆ.

ಮುರುಟಿದ್ದು, ಹುಳ ಕೊರೆದದ್ದು, ಬಣ್ಣ ಕೆಟ್ಟದ್ದು ಆರಿಸಿ ತೆಗೆಯುತ್ತೇವೆ. ತಿನ್ನುವ ಶೇಂಗಾದಲ್ಲಿ ಈ ವಿಷ ಕಿಲೋಗೆ 10 ಮೈಕ್ರೋಗ್ರಾಂ ದಾಟಬಾರದು ಅಂತ ನಮ್ಮ ದೇಶದ ನಿಯಮ. ಆದರೆ ಆರಿಸಿ ತೆಗೆದದ್ದು? ಅದು ಅಗ್ಗದ ದರಕ್ಕೆ ಎಣ್ಣೆ ಮಿಲ್ಲಿಗೆ ಹೋಗುತ್ತದೆ. ಹಿಂಡಿದಾಗ ವಿಷದ ಹೆಚ್ಚು ಪಾಲು ಹಿಂಡಿಯಲ್ಲೇ ಉಳಿಯುತ್ತದೆ. ಹಿಂಡಿ ತಿಂದ ಹಸುವಿನ ಹಾಲಿಗೂ ಸ್ವಲ್ಪ ಇಳಿಯುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷದಷ್ಟು ಟರ್ಕಿ ಕೋಳಿಗಳು ಸತ್ತಾಗಲೇ ಈ ವಿಷ ಪತ್ತೆಯಾದದ್ದು, ಮೂಲ ಬ್ರೆಜಿಲ್‌ನಿಂದ ಬಂದ ಶೇಂಗಾ ಹಿಂಡಿ. ನಾಯಿಗಂತೂ ಇದು ಇನ್ನೂ ಕೆಟ್ಟದ್ದು. 2020ರ ಕೊನೆಯಲ್ಲಿ ಅಮೆರಿಕದಲ್ಲಿ ಬೂಷ್ಟಿನ ವಿಷ ಸೇರಿದ ಆಹಾರ ತಿಂದು ನೂರಕ್ಕೂ ಹೆಚ್ಚು ನಾಯಿಗಳು ಸತ್ತವು ಎಂಬ ವರದಿ ಬಂತು.

ಹಾಗಾಗಿ ಆ ಮೂಟೆಯನ್ನು ನಾನು ಮಾರುವುದಿಲ್ಲ, ಕೋಳಿಗೂ ಹಾಕುವುದಿಲ್ಲ, ಸುಟ್ಟುಬಿಡುತ್ತೇನೆ. ದುಡ್ಡು ಹೋಯಿತು ಅಂತ ಮನೆಯಲ್ಲಿ ಬೈಗುಳ ಗ್ಯಾರಂಟಿ. ನಾಯಿಗೆ ತರುವ ಆಹಾರವೂ ಚಿಕ್ಕ ಚೀಲವೇ, ಮಳೆಗಾಲದಲ್ಲಿ ಬಾಯಿ ತೆರೆದು ಇಡುವುದಿಲ್ಲ. ನಾಯಿ ಊಟ ಬಿಟ್ಟು, ವಾಂತಿ ಮಾಡಿ, ವಸಡು ಹಳದಿಯಾದರೆ ತಡಮಾಡಬೇಡಿ. ಪಶುವೈದ್ಯರ ಹತ್ತಿರ ಹೋಗುವಾಗ ಆ ಆಹಾರದ ಚೀಲವನ್ನೂ ಒಯ್ಯಿರಿ.