ಕರ್ನಲ್ ಅಪ್‌ಡೇಟ್ ಆದ ಮೇಲೆ ಬೂಟ್ ವಿಭಾಗವನ್ನು ಭದ್ರಪಡಿಸುವ ಕ್ರಮ

ಎಕ್ಸ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಮ್ (ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆ) ಬಳಸುವ ಲಿನಕ್ಸ್ ಯಂತ್ರದಲ್ಲಿ ಹೊಸ ಕರ್ನಲ್ (ಕಾರ್ಯಾಚರಣೆ ವ್ಯವಸ್ಥೆಯ ತಿರುಳು) ಹಾಕಿ, ಬಾಕಿ ಬರಹವನ್ನು ಡಿಸ್ಕಿಗೆ ಕಳಿಸುವ ಸಿಂಕ್ ಆದೇಶ ಕೊಟ್ಟ ಕೂಡಲೇ ವಿದ್ಯುತ್ ಹೋದರೆ, ಫೈಲಿನ ಹೆಸರು ಮತ್ತು ಗಾತ್ರದ ವಿವರ ಜರ್ನಲ್‌ನಲ್ಲಷ್ಟೇ, ಅಂದರೆ ಬದಲಾವಣೆಗಳನ್ನು ಮೊದಲು ಬರೆದಿಡುವ ದಾಖಲೆಯಲ್ಲಷ್ಟೇ, ಉಳಿದಿರಬಹುದು. ಕರ್ನಲ್ ಡಿಸ್ಕಿನ ಆ ವಿಭಾಗವನ್ನು ಮೌಂಟ್ ಮಾಡುವಾಗ (ಬಳಕೆಗೆ ಜೋಡಿಸುವಾಗ) ಜರ್ನಲ್ಲನ್ನು ಮರುಚಾಲನೆ ಮಾಡಿ ಎಲ್ಲವನ್ನೂ ಸರಿಪಡಿಸುತ್ತದೆ. ಆದರೆ ಯಂತ್ರ ಶುರುವಾಗುವಾಗ ಕರ್ನಲ್ಲನ್ನು ಹುಡುಕಿ ಲೋಡ್ ಮಾಡುವ ಬೂಟ್ ಲೋಡರ್ ಆದ ಗ್ರಬ್ ಅದನ್ನು ಮಾಡದ ಕಾರಣ, ಅದಕ್ಕೆ ಹಳೆಯ ಡೈರೆಕ್ಟರಿಯೇ ಕಾಣಿಸಿ, ಹೊಸ ಕರ್ನಲ್ ಸಿಗದೆ ಹೋಗಬಹುದು.

ಹಾಗೆಂದು ಬೂಟ್ ಲೋಡರ್‌ಗೇ ಡಿಸ್ಕಿನ ಮೇಲೆ ಬರೆಯುವ ಅಧಿಕಾರ ಕೊಡುವುದು ಸರಿಯಲ್ಲವೆಂಬುದು ನನ್ನ ದೃಢ ಅಭಿಪ್ರಾಯ. ಹೈಬರ್ನೇಟ್ ಆಗಿರುವ (ಮೆಮೊರಿಯನ್ನು ಡಿಸ್ಕಿನಲ್ಲಿ ಉಳಿಸಿ ಆರಿಸಿದ) ಯಂತ್ರದಲ್ಲಿ ಡಿಸ್ಕ್ ಹೀಗೇ ಇದೆಯೆಂದು ಉಳಿಸಿಟ್ಟ ಮೆಮೊರಿ ನಂಬಿಕೊಂಡಿರುವಾಗ, ಅದರ ಬೆನ್ನ ಹಿಂದೆ ಜರ್ನಲ್ಲನ್ನು ಡಿಸ್ಕಿಗೆ ಇಳಿಸಿದರೆ ದತ್ತಾಂಶವೇ ಕೆಡಬಹುದು. ಮೆಮೊರಿಯಲ್ಲಷ್ಟೇ ಮರುಚಾಲನೆ ಮಾಡಬಹುದಾದರೂ, ಪ್ರತಿಯೊಂದು ಫೈಲ್ ಸಿಸ್ಟಮ್‌ಗೂ ಆ ಸಂಕೀರ್ಣ ಕೋಡನ್ನು ಎರಡನೆಯ ಬಾರಿ ಬರೆದು ಕಾಪಾಡಬೇಕಾಗುತ್ತದೆ.

ಆದ್ದರಿಂದ ಕರ್ನಲ್ ಇರುವ ಬೂಟ್ ಡೈರೆಕ್ಟರಿಯನ್ನು ಪ್ರತ್ಯೇಕ ವಿಭಾಗದಲ್ಲಿಡಿ. ಅಪ್‌ಡೇಟ್ ಮುಗಿದೊಡನೆ ರೂಟ್ (ಮುಖ್ಯ ನಿರ್ವಾಹಕ) ಅಧಿಕಾರದಿಂದ ಎಫ್‌ಎಸ್‌ಫ್ರೀಜ್ ಆದೇಶವನ್ನು ಮೊದಲು ಬರವಣಿಗೆಯನ್ನು ತಡೆಹಿಡಿಯುವ (ಫ್ರೀಜ್) 'ಎಫ್' ಆಯ್ಕೆಯೊಂದಿಗೆ, ತಕ್ಷಣವೇ ಅದನ್ನು ಬಿಡಿಸುವ 'ಯು' ಆಯ್ಕೆಯೊಂದಿಗೆ ಆ ವಿಭಾಗದ ಮೇಲೆ ಚಲಾಯಿಸಿ. ಫ್ರೀಜ್ ಆಗುವಾಗ ಜರ್ನಲ್‌ನಲ್ಲಿದ್ದ ಬದಲಾವಣೆಗಳು ತಮ್ಮ ನಿಜವಾದ ಸ್ಥಾನಕ್ಕೆ ಬರೆಯಲ್ಪಡುತ್ತವೆ. ವಿಭಾಗವನ್ನು ಅನ್‌ಮೌಂಟ್ ಮಾಡಿದರೂ ಇದೇ ಫಲ ದೊರೆಯುತ್ತದೆ. ಇಡೀ ವ್ಯವಸ್ಥೆ ಇರುವ ರೂಟ್ ವಿಭಾಗವನ್ನು ಮಾತ್ರ ಹೀಗೆ ಫ್ರೀಜ್ ಮಾಡಬೇಡಿ, ಏಕೆಂದರೆ ಬಿಡಿಸುವ ಆದೇಶ ಕೊಡುವ ಮೊದಲೇ ಯಂತ್ರ ಸ್ತಬ್ಧವಾಗಬಹುದು.