ಮಾದರಿ ರೈಲಿಗೆ ಮೇಲ್ತಂತಿ ಎಳೆದ ನನ್ನ ಅನುಭವ

ನನ್ನ ರೈಲು ಹಳಿಯ ಮೇಜು ಎಂಟು ಅಡಿ ಉದ್ದ, ಐದು ಅಡಿ ಅಗಲ. ಬೆಂಗಳೂರಿನ ನಮ್ಮ ಮನೆಯ ತಾರಸಿ ಕೋಣೆಯಲ್ಲಿದೆ. ಎಚ್‌ಒ ಅಳತೆ, ಅಂದರೆ ನಿಜವಾದ ರೈಲಿನ 87ರಲ್ಲಿ ಒಂದು ಪಾಲು. ಅದರ ಮೇಲೆ ಡಬ್ಲ್ಯುಎಪಿ-7 ಎಂಜಿನ್ ಓಡಿಸುತ್ತಿದ್ದೆ. ಎಲೆಕ್ಟ್ರಿಕ್ ಎಂಜಿನ್, ಆದರೆ ಮೇಲೆ ತಂತಿಯೇ ಇಲ್ಲ. ಆ ಕೊರತೆ ನೋಡಿದಾಗಲೆಲ್ಲ ಚುಚ್ಚುತ್ತಿತ್ತು.

ಜರ್ಮನಿಯ ಸೊಮ್ಮರ್‌ಫೆಲ್ಟ್, ವೀಸ್ಮನ್ ಕಂಪನಿಗಳ ಸಿದ್ಧ ಕಂಬಗಳು ಸಿಗುತ್ತವೆ. ಚೆನ್ನಾಗಿಯೂ ಇವೆ. ಆದರೆ ಅವು ಯುರೋಪಿನ ಕಂಬಗಳು. ನನಗೆ ನಮ್ಮ ಕಂಬ ಬೇಕಿತ್ತು. ಹಾಗಾಗಿ ಪ್ಲಾಟ್‌ಫಾರ್ಮಿನ ಮೇಲೆ ದೂರದಿಂದಲೇ ನಿಂತು ನೋಡಲು ಶುರು ಮಾಡಿದೆ. ಅಲ್ಲಿರುವುದು 25,000 ವೋಲ್ಟ್, ಹತ್ತಿರ ಹೋಗುವ ಮಾತೇ ಇಲ್ಲ.

ನೋಡುತ್ತಾ ನೋಡುತ್ತಾ ಒಂದು ವಿಷಯ ತಿಳಿಯಿತು. ತಂತಿ ಹಳಿಯ ನಡುಮಧ್ಯದ ಮೇಲೆ ನೇರವಾಗಿ ಹೋಗುವುದಿಲ್ಲ. ಒಂದು ಕಂಬದ ಬಳಿ ಸ್ವಲ್ಪ ಎಡಕ್ಕೆ, ಮುಂದಿನ ಕಂಬದ ಬಳಿ ಸ್ವಲ್ಪ ಬಲಕ್ಕೆ. ನೇರ ಹಳಿಯಲ್ಲಿ ತಂತಿ ಹೀಗೆ ಪಕ್ಕಕ್ಕೆ ಸರಿಯುವುದು ಸುಮಾರು 200 ಮಿಲಿಮೀಟರ್. ಎಂಜಿನ್ ನೆತ್ತಿಯಿಂದ ಎದ್ದು ತಂತಿಗೆ ತಾಗುವ ಚೌಕಟ್ಟಿಗೆ ಪ್ಯಾಂಟೋಗ್ರಾಫ್ ಅನ್ನುತ್ತಾರೆ. ತಂತಿ ಒಂದೇ ಜಾಗದಲ್ಲಿ ಉಜ್ಜಿದರೆ ಅದರ ಕಾರ್ಬನ್ ಪಟ್ಟಿಯಲ್ಲಿ ಕಚ್ಚು ಬೀಳುತ್ತದೆ. ಹೀಗೆ ಆಚೀಚೆ ಸರಿಸಿದರೆ ಪಟ್ಟಿ ಎಲ್ಲ ಕಡೆ ಸಮನಾಗಿ ಸವೆಯುತ್ತದೆ. ನನ್ನ ಅಳತೆಯಲ್ಲಿ ಅದು ಎರಡು ಮಿಲಿಮೀಟರ್ ಚಿಲ್ಲರೆ. ಕಣ್ಣಿಗೆ ಕಾಣಲಿ ಅಂತ ನಾನು 3 ಇಟ್ಟೆ. ತಂತಿಯ ಎತ್ತರ ಹಳಿಯಿಂದ ಸುಮಾರು 5.6 ಮೀಟರ್ ಇರುತ್ತದೆ, ನನ್ನಲ್ಲಿ 64 ಮಿಲಿಮೀಟರ್. ಇಷ್ಟು ಗೊತ್ತಾದ ಮೇಲೆ ಕೆಲಸಕ್ಕೆ ಇಳಿದೆ.

ನಗರ್ತಪೇಟೆಯಲ್ಲಿ ಅಕ್ಕಸಾಲಿಗರ ಸಾಮಾನು ಮಾರುವ ಅಂಗಡಿಯಿಂದ ಸಣ್ಣ ಇಕ್ಕಳ, ಅರ, ಹಿತ್ತಾಳೆ ತಂತಿ ತಂದೆ. ಕಂಬಕ್ಕೆ ಹಿತ್ತಾಳೆ ಪಟ್ಟಿ. ಬುಡಕ್ಕೆ ಸ್ಕ್ರೂ ಬೆಸೆದು, ಪ್ಲೈವುಡ್ ಕೆಳಗಿನಿಂದ ನಟ್ ಹಾಕಿ ಬಿಗಿದೆ. ಗೋಂದು ಸಾಲುವುದಿಲ್ಲ, ತಂತಿ ಎಳೆದ ತಕ್ಷಣ ಕಂಬ ವಾಲುತ್ತದೆ. ಇನ್ಸುಲೇಟರ್‌ಗೆ ಸೀರೆಗೆ ಹೊಲಿಯುವ ಕಂದು ಬಣ್ಣದ ಪುಟ್ಟ ಮಣಿಗಳನ್ನು ಪೋಣಿಸಿದೆ. ಪಿಂಗಾಣಿಯ ಹಾಗೇ ಹೊಳೆಯುತ್ತವೆ. ಇಡೀ ಕೆಲಸದಲ್ಲಿ ನನಗೆ ಅತಿ ಇಷ್ಟವಾದದ್ದು ಈ ಮಣಿಗಳೇ.

ಮೊದಲ ಪೆಟ್ಟು ಬಿದ್ದಿದ್ದು ತಿರುವಿನಲ್ಲಿ. ನೇರ ಹಳಿಗೆ 40 ಸೆಂಟಿಮೀಟರಿಗೊಂದು ಕಂಬ ನೆಟ್ಟಿದ್ದೆ. ತಿರುವಿಗೂ ಅದೇ ಅಂತರ ಇಟ್ಟೆ. ತಂತಿ ಎಳೆದು ನೋಡಿದರೆ ಎರಡು ಕಂಬದ ನಡುವೆ ಅದು ಹಳಿಯ ಆಚೆಗೇ ಹೋಗಿತ್ತು! ಹಳಿ ಬಾಗುತ್ತದೆ, ತಂತಿ ಬಾಗುವುದಿಲ್ಲ ಅಲ್ವಾ. ಆಮೇಲೆ ಲೆಕ್ಕ ಹಾಕಿದೆ. ಕಂಬದ ಅಂತರವನ್ನು ಅದರಿಂದಲೇ ಗುಣಿಸಿ, ತಿರುವಿನ ರೇಡಿಯಸ್ಸಿನ ಎಂಟರಷ್ಟರಿಂದ ಭಾಗಿಸಬೇಕು. ತಂತಿ ಎಷ್ಟು ಒಳಕ್ಕೆ ಸರಿಯುತ್ತದೆ ಎಂಬುದು ಸಿಗುತ್ತದೆ. ನನ್ನ ರೇಡಿಯಸ್ 600 ಮಿಲಿಮೀಟರ್. 400 ಮಿಲಿಮೀಟರ್ ಅಂತರಕ್ಕೆ 33 ಬಂತು. 200ಕ್ಕೆ ಇಳಿಸಿದರೆ 8. ಪ್ಯಾಂಟೋಗ್ರಾಫಿನ ತಲೆ ಸುಮಾರು 20 ಮಿಲಿಮೀಟರ್ ಅಗಲ. ಹಾಗಾಗಿ ಕಂಬದ ಬಳಿ 4 ಮಿಲಿಮೀಟರ್ ಹೊರಕ್ಕೆ ಹಿಡಿದೆ, ನಡುವೆ 4 ಒಳಕ್ಕೆ ಬಂತು. ಸರಿಹೋಯಿತು. ಅಂದುಕೊಂಡಿದ್ದಕ್ಕಿಂತ ಕಂಬ ಜಾಸ್ತಿ ಬೇಕಾಯಿತು, ಒಟ್ಟು 25. ತಿರುವಿನ ಕಂಬಗಳನ್ನೆಲ್ಲ ಹೊರಬದಿಯಲ್ಲೇ ನೆಟ್ಟೆ. ಒಳಬದಿಯಲ್ಲಿ ಉದ್ದದ ಬೋಗಿಯ ಹೊಟ್ಟೆ ತಾಗುತ್ತದೆ.

ತಂತಿಗೆ 0.4 ಮಿಲಿಮೀಟರಿನ ಫಾಸ್ಫರ್ ಬ್ರಾಂಜ್ ಬಳಸಿದೆ. ನಿಜವಾದ ತಂತಿಯ 87ರಲ್ಲಿ ಒಂದು ಪಾಲೇ ಇರಲಿ ಅಂದರೆ ಕೂದಲಿನಷ್ಟು ತೆಳುವಾಗಬೇಕು, ಅದು ಕೈ ತಾಗಿದರೆ ಉಳಿಯುವುದಿಲ್ಲ. ಸುರುಳಿ ತಂತಿಯನ್ನು ನೇರ ಮಾಡಲು ಒಂದು ತುದಿಯನ್ನು ವೈಸ್‌ಗೆ ಕಚ್ಚಿಸಿ, ಇನ್ನೊಂದನ್ನು ಡ್ರಿಲ್‌ಗೆ ಸಿಕ್ಕಿಸಿ, ಎಳೆದು ಹಿಡಿದು ನಿಧಾನ ತಿರುಗಿಸಿದೆ. ಕಡ್ಡಿಯಂತೆ ಸೆಟೆದು ನಿಲ್ಲುತ್ತದೆ. ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ, ತುಂಡಾದರೆ ಚಾಟಿಯ ಹಾಗೆ ಬಡಿಯುತ್ತದೆ. ಭಾರ ಹೊರುವ ಮೇಲಿನ ಕ್ಯಾಟನರಿ ತಂತಿ, ಪ್ಯಾಂಟೋಗ್ರಾಫ್ ತಾಗುವ ಕೆಳಗಿನ ಕಾಂಟ್ಯಾಕ್ಟ್ ತಂತಿ, ಎರಡನ್ನೂ ಜೋಡಿಸುವ ನಡುವಿನ ಡ್ರಾಪರ್‌ಗಳು, ಇವನ್ನು ಹಲಗೆಯ ಮೇಲೆ ಮೊಳೆ ಹೊಡೆದು ಮಾಡಿದ ಅಚ್ಚಿನಲ್ಲಿಟ್ಟು ಬೆಸೆದೆ. ಒಂದು ಬೆಸುಗೆ ಹಾಕುವಾಗ ಪಕ್ಕದ್ದು ಬಿಟ್ಟುಕೊಳ್ಳದಿರಲು ಅದರ ಮೇಲೆ ಒದ್ದೆ ಹತ್ತಿ ಇಡಬೇಕು.

ಎರಡನೇ ಪೆಟ್ಟು ಏಪ್ರಿಲ್‌ನಲ್ಲಿ. ಬೆಳಿಗ್ಗೆ ಬಿಗಿಯಾಗಿದ್ದ ತಂತಿ ಮಧ್ಯಾಹ್ನ ಡೊಂಕಾಗಿ ಜೋಲುತ್ತಿತ್ತು. ತಾರಸಿ ಕೋಣೆಯ ಬಿಸಿ ಅದು. ತಂತಿ ಹಿಗ್ಗುವುದು ಮಿಲಿಮೀಟರಿಗಿಂತ ಕಡಿಮೆ. ಆದರೆ ಅಷ್ಟೇ ಸಡಿಲಕ್ಕೆ ಎರಡು ಮೂರು ಮಿಲಿಮೀಟರ್ ಇಳಿಬೀಳುತ್ತದೆ. ರೈಲ್ವೆಯವರು ಇದಕ್ಕೇ ತಂತಿಯ ತುದಿಗೆ ರಾಟೆ ಕಟ್ಟಿ ಭಾರ ತೂಗುಬಿಟ್ಟಿರುತ್ತಾರೆ. ನಾನು ಎಲ್ಲ ಕಂಬಕ್ಕೂ ತಂತಿಯನ್ನು ಬೆಸೆದುಬಿಟ್ಟಿದ್ದೆ. ಅದನ್ನೆಲ್ಲ ಬಿಚ್ಚಿದೆ. ಈಗ ತಂತಿ ಕಂಬದ ಕೊಕ್ಕೆಯಲ್ಲಿ ಸುಮ್ನೆ ಕೂತಿದೆ. ನೇರ ಹಳಿಯ ಒಂದು ತುದಿಯಲ್ಲಿ ಬಾಲ್‌ಪೆನ್ನಿನ ಸ್ಪ್ರಿಂಗ್ ಎಳೆದು ಹಿಡಿಯುತ್ತದೆ. ಇದರಿಂದ ಇನ್ನೊಂದು ಅನುಕೂಲವಾಯಿತು. ಹಳಿ ಒರೆಸಬೇಕಾದಾಗ ತಂತಿಯನ್ನೇ ಕಳಚಿ ಪಕ್ಕಕ್ಕಿಡಬಹುದು.

ತಂತಿಯಲ್ಲಿ ಕರೆಂಟ್ ಹರಿಸಿಲ್ಲ. ಎಂಜಿನ್‌ಗೆ ಕರೆಂಟ್ ಹಳಿಯಿಂದಲೇ. ಪ್ಯಾಂಟೋಗ್ರಾಫಿನ ಸ್ಪ್ರಿಂಗ್ ತಂತಿಯನ್ನು ಮೇಲಕ್ಕೆ ಒತ್ತದಿರಲಿ ಅಂತ ಕಪ್ಪು ದಾರದಿಂದ ಕಟ್ಟಿ 63 ಮಿಲಿಮೀಟರಿಗೆ ನಿಲ್ಲಿಸಿದ್ದೇನೆ. ತಾಗಿದಂತೆಯೇ ಕಾಣುತ್ತದೆ. ಎಂಜಿನ್ ಮೇಲೆ ಪ್ಯಾಂಟೋಗ್ರಾಫ್ ಎರಡಿವೆ, ಎತ್ತುವುದು ಹಿಂದಿನದನ್ನು ಮಾತ್ರ. ನಮ್ಮಲ್ಲಿ ಸಾಮಾನ್ಯವಾಗಿ ಹಾಗೇ ಓಡಿಸುತ್ತಾರೆ, ಮುರಿದರೂ ಇನ್ನೊಂದಕ್ಕೆ ಬಡಿಯದಿರಲಿ ಎಂದು.

ಬಣ್ಣ ಹೊಡೆದಾಗಿದೆ. ಹಳಿ ಕವಲೊಡೆಯುವ ಪಾಯಿಂಟ್‌ಗಳ ಮೇಲಿನ ತಂತಿ ಇನ್ನೂ ಬಾಕಿ, ಅದು ಬೇರೆಯೇ ಲೆಕ್ಕ. ಸದ್ಯಕ್ಕೆ ಕಂಬಗಳಿಗೆ ನಂಬರ್ ಬರೆಯುತ್ತಿದ್ದೇನೆ, ಮೇಲೆ ಕಿಲೋಮೀಟರ್, ಕೆಳಗೆ ಕಂಬದ ಸಂಖ್ಯೆ. ಹನ್ನೊಂದು ಮುಗಿದಿವೆ.