ನೀಲಿ ಪ್ಲೇಟಿನಲ್ಲಿ ಕಬ್ಬಿಣದ ಕಳ್ಳರು: ಸಿಎಎಸ್ ಅಗಾರ್, ನನ್ನ ಅನುಭವ

ನಮ್ಮ ರಕ್ತದಲ್ಲಿ ಕಬ್ಬಿಣಕ್ಕೇನೂ ಬರವಿಲ್ಲ, ಬಿಡಿಯಾಗಿ ಮಾತ್ರ ಸಿಗದು. ಹಿಮೋಗ್ಲೋಬಿನ್, ಟ್ರಾನ್ಸ್‌ಫೆರಿನ್ ಅದನ್ನು ಹಿಡಿದಿಟ್ಟಿರುತ್ತವೆ. ಸೋಂಕು ತಗುಲಿದರೆ ಯಕೃತ್ತಿನ ಹಾರ್ಮೋನ್ ಹೆಪ್ಸಿಡಿನ್ ಏರಿ ಕಬ್ಬಿಣ ಇನ್ನಷ್ಟು ಇಳಿಯುತ್ತದೆ. ಆಗ ಬ್ಯಾಕ್ಟೀರಿಯಾಗಳು ಸಿಡೆರೋಫೋರ್ ಎಂಬ ಕಬ್ಬಿಣ ಹಿಡಿಯುವ ಪುಟ್ಟ ಅಣುಗಳನ್ನು ಹೊರಬಿಟ್ಟು ಅದನ್ನು ಕಸಿಯುತ್ತವೆ. ಆ ಕಳ್ಳತನ ಕಣ್ಣಿಗೆ ಕಾಣಬೇಕೆಂದರೆ ಶ್ವಿನ್ ಮತ್ತು ನೀಲ್ಯಾಂಡ್ಸ್ 1987ರಲ್ಲಿ ಕೊಟ್ಟ ಸಿಎಎಸ್ (ಕ್ರೋಮ್ ಅಜ್ಯೂರಾಲ್ ಎಸ್ ಬಣ್ಣದ) ಅಗಾರ್ ಸಾಕು: ಸಿಡೆರೋಫೋರ್ ಬಣ್ಣದಿಂದ ಕಬ್ಬಿಣ ಕಿತ್ತುಕೊಂಡ ಕಡೆ ನೀಲಿ ಹೋಗಿ ಕಿತ್ತಳೆ ಬಳೆ ಮೂಡುತ್ತದೆ.

ಬಣ್ಣದ ದ್ರಾವಣಕ್ಕೆ 60.5 ಮಿ.ಗ್ರಾಂ ಕ್ರೋಮ್ ಅಜ್ಯೂರಾಲ್ ಎಸ್ ಅನ್ನು 50 ಮಿ.ಲೀ. ನೀರಿನಲ್ಲಿ ಕರಗಿಸಿ, 10 ಮಿ.ಲೀ. ಫೆರಿಕ್ ಕ್ಲೋರೈಡ್ (1 ಮಿಲಿಮೋಲಾರ್, 10 ಮಿಲಿಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ) ಬೆರೆಸುತ್ತೇನೆ. 72.9 ಮಿ.ಗ್ರಾಂ ಎಚ್‌ಡಿಟಿಎಂಎ ಎಂಬ ಮಾರ್ಜಕವನ್ನು 40 ಮಿ.ಲೀ. ನೀರಿನಲ್ಲಿ ಕರಗಿಸಿ, ಅದನ್ನು ಕಲಕುತ್ತಲೇ ಮೊದಲಿನದನ್ನು ನಿಧಾನಕ್ಕೆ ಸುರಿಯಬೇಕು. ಕಡುನೀಲಿ ಬಂದರೆ ಸರಿ. ಆಟೋಕ್ಲೇವ್‌ನಲ್ಲಿ (ಒತ್ತಡದ ಹಬೆಯಲ್ಲಿ) ಕ್ರಿಮಿಶುದ್ಧಿ ಅಗಾರ್‌ನಿಂದ ಬೇರೆಯಾಗಿಯೇ. ಈ 100 ಮಿ.ಲೀ.ಯನ್ನು ಸುಮಾರು 50 ಡಿಗ್ರಿಗೆ ಆರಿದ 900 ಮಿ.ಲೀ. ಅಗಾರ್‌ಗೆ ನೊರೆ ಏಳದಂತೆ ಗೋಡೆಗುಂಟ ಇಳಿಸುತ್ತೇನೆ. ಅಗಾರ್‌ನ ಪಿಎಚ್ ಕಾಯುವ ಬಫರ್ ಪೈಪ್ಸ್ ಎಂಬ ರಾಸಾಯನಿಕ, 30.24 ಗ್ರಾಂ, ಪಿಎಚ್ 6.8. ಸೋಡಿಯಂ ಹೈಡ್ರಾಕ್ಸೈಡ್ ಬೀಳುವ ತನಕ ಪೈಪ್ಸ್ ಕರಗದೆ ತಳದಲ್ಲೇ ಕೂತಿರುತ್ತದೆ, ಗಾಬರಿ ಬೇಡ.

ಕೆಲಸ ಕೆಡುವುದು ಬಹುತೇಕ ಪಾತ್ರೆಯಿಂದ. ಗಾಜಿಗೆ ಅಂಟಿದ ಕಬ್ಬಿಣವೇ ಸಿಡೆರೋಫೋರ್ ಉತ್ಪಾದನೆ ನಿಲ್ಲಿಸೀತು. 6 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ತೊಳೆದು ಡಿಅಯನೈಸ್ಡ್ ನೀರಿನಲ್ಲಿ ಹಲವು ಸಲ ಜಾಲಿಸುವುದು ಬೇಸರದ ಕೆಲಸ, ಆದರೆ ಬಿಡುವಂತಿಲ್ಲ. ಫಾಸ್ಫೇಟ್ ಹೆಚ್ಚಾದರೆ ಅದು ತಾನೇ ಕಬ್ಬಿಣ ಎಳೆದು ಬಣ್ಣ ಕೆಡಿಸುತ್ತದೆ. ಸಿಟ್ರೇಟ್‌ನಂಥ ಆಮ್ಲ ಬಿಡುವ ತಳಿ ಸುಳ್ಳು ಬಳೆ ಮೂಡಿಸುತ್ತದೆ. ಅದಕ್ಕೇ ಬಿತ್ತದ ಪ್ಲೇಟೊಂದು, ಖಚಿತವಾಗಿ ಸಿಡೆರೋಫೋರ್ ಬಿಡುವ ತಳಿಯೊಂದು ಯಾವಾಗಲೂ ಜೊತೆಗಿರಲಿ.

ಎಚ್‌ಡಿಟಿಎಂಎ ಗ್ರಾಂ ಪಾಸಿಟಿವ್ ಜೀವಿಗಳಿಗೆ ವಿಷ. ಸ್ಟ್ಯಾಫಿಲೋಕಾಕಸ್ ಪ್ಲೇಟಿನಲ್ಲಿ ಏಳದಿದ್ದರೆ ಅದು ಸಿಡೆರೋಫೋರ್ ಮಾಡುವುದಿಲ್ಲವೆಂದು ಬರೆಯಬೇಡಿ. ಬೇರೆ ಮಾಧ್ಯಮದಲ್ಲಿ ಬೆಳೆಸಿ, ಮೇಲೆ ಸಿಎಎಸ್ ಅಗಾರ್ ಸುರಿಯಿರಿ.

ಕಿತ್ತಳೆ ಬಳೆ ಎಷ್ಟು ಅಗಲ ಎಂಬುದರಿಂದ ರೋಗದ ತೀವ್ರತೆ ಊಹಿಸುವವರಿದ್ದಾರೆ. ನಾನು ಒಪ್ಪುವುದಿಲ್ಲ. ಇ. ಕೋಲೈಯ ಸಿಡೆರೋಫೋರ್ ಎಂಟೆರೋಬ್ಯಾಕ್ಟಿನ್ ಪ್ಲೇಟಿನಲ್ಲಿ ಚೆನ್ನಾಗಿಯೇ ಕಾಣುತ್ತದೆ, ದೇಹದಲ್ಲಿ ಮಾತ್ರ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳ ಪ್ರೋಟೀನ್ ಲಿಪೊಕ್ಯಾಲಿನ್-2 ಅದನ್ನು ಹಿಡಿದುಬಿಡುತ್ತದೆ. ಅತಿತೀವ್ರ ಕ್ಲೆಬ್ಸಿಯೆಲ್ಲಾ ತಳಿಗಳ ಸಿಡೆರೋಫೋರ್ ಏರೋಬ್ಯಾಕ್ಟಿನ್ ಆ ಬಲೆಗೆ ಬೀಳುವುದಿಲ್ಲ. ಹಾಗಾಗಿ ಬಳೆ ಕಂಡ ಮೇಲೆ ಅದು ಯಾವ ಬಗೆಯ ಸಿಡೆರೋಫೋರ್ ಎಂದು ತಿಳಿಯಲು ಆರ್ನೋ ಪರೀಕ್ಷೆ: ಕೋಶಗಳನ್ನು ಬೇರ್ಪಡಿಸಿದ ಬೆಳೆದ್ರವದ (ಮೇಲ್ದ್ರಾವದ) 1 ಮಿ.ಲೀ.ಗೆ 0.5 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ, ನೈಟ್ರೈಟ್-ಮಾಲಿಬ್ಡೇಟ್, 1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್, ಇದೇ ಕ್ರಮದಲ್ಲಿ ತಲಾ 1 ಮಿ.ಲೀ. ಹಳದಿ ಬಂದು ಕೆಂಪಿಗೆ ತಿರುಗಿದರೆ ಅದು ಎಂಟೆರೋಬ್ಯಾಕ್ಟಿನ್‌ನಂಥ ಕ್ಯಾಟೆಕೋಲ್ ಬಗೆ. ಏರೋಬ್ಯಾಕ್ಟಿನ್ ಇಲ್ಲಿ ಸಿಕ್ಕುವುದಿಲ್ಲ, ಅದಕ್ಕೆ ಅದನ್ನು ತಯಾರಿಸುವ ಐಯುಸಿಎ (iucA) ಜೀನ್‌ನ ಪಿಸಿಆರ್ ಮಾಡಿಸುತ್ತೇನೆ.